ಕಾರು ಕೊಳ್ಳುವವರು ಮೊದಲು ಅದರ ಬೆನ್ನು ನೋಡಬೇಕು

ಈ ಸೀಮೆಯಲ್ಲಿ ಅತ್ಯಂತ ವೇಗದ ಕಾರಿನಲ್ಲಿ ಅತ್ಯಂತ ನಿಧಾನವಾಗಿ ತಿರುಗಾಡಿದ ಮನುಷ್ಯ ಯಾರು ಎಂದು ಕೇಳಿದರೆ, ಚನ್ನಗಿರಿಯಿಂದ ಜಗಳೂರಿನ ತನಕ ಎಲ್ಲರೂ ನಮ್ಮ ಮನೆಯ ಕಡೆಗೇ ಬೆರಳು ತೋರಿಸುತ್ತಾರೆ. ಅವರು ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ. ಚನ್ನಗಿರಿಯಲ್ಲಿ ಗೋಲಿ ಸೋಡಾ ಮಾಡಿ ಮಾರುತ್ತಿದ್ದರು. ನಾನು ಲೋವರ್ ಸೆಕೆಂಡರಿ ಮುಗಿಸಿ, ಮುಂದಿನ ಓದು ತಲೆಗೆ ಹತ್ತದೆ, ಜಗಳೂರಿನಿಂದ ಬಂದು ಅವರ ಅಂಗಡಿಯಲ್ಲಿ ನಿಂತವನು. ನಿಂತೆ ಎನ್ನುವುದು ಅಂಗಡಿಯ ಮಟ್ಟಿಗೆ ಮಾತ್ರ ನಿಜ. ಉಳಿದ ಹೊತ್ತೆಲ್ಲ ನಾನು ಅವರ ಕಾರು ನೂಕುತ್ತಿದ್ದೆ.

ಅವರು ಗಟ್ಟಿಮುಟ್ಟಾಗಿದ್ದಾಗ ನಾನು ಕೊನೆಯ ಸಲ ನೋಡಿದ ಶನಿವಾರ ಅವರು ಎಂದಿನಂತೆ ಕಾರಿನ ಕೆಳಗಿದ್ದರು. ನೋಡಿದೆ ಎಂದರೆ ಪಾದಗಳನ್ನು ನೋಡಿದೆ. ನಮ್ಮ ಮನೆಯಲ್ಲಿ ಭಾವನ ಮುಖಕ್ಕಿಂತ ಅವರ ಪಾದಗಳ ಪರಿಚಯವೇ ಎಲ್ಲರಿಗೂ ಹೆಚ್ಚು. ಬಲಗಾಲಿನ ಹೆಬ್ಬೆರಳು ಅಲ್ಲಾಡಿದರೆ ಕೆಲಸ ಸಲೀಸಾಗಿ ನಡೆದಿದೆ ಎಂದು ಅರ್ಥ. ಎರಡು ಪಾದಗಳೂ ಒಂದಕ್ಕೊಂದು ಉಜ್ಜಿಕೊಂಡರೆ ಏನೋ ಮುರಿದಿದೆ ಎಂದು ಅರ್ಥ. ಅಕ್ಕ ಆ ಪಾದಗಳ ಜೊತೆಗೇ ಅರ್ಧ ಸಂಸಾರ ಮಾಡಿದವಳು. ಅವತ್ತೂ ಕಾಫಿಯ ಲೋಟ ತಂದು ಪಾದಗಳಿಗೆ ಹೇಳಿದಳು:

"ಏನ್ರೀ, ಕಾಫಿ. ಆರಿ ಹೋಗ್ತತೆ, ಎದ್ದು ಬರ್ರಿ."

"ಬಂದೆ ಬಂದೆ. ಇದೊಂದು ನಟ್ಟು."

"ಈ ಇದೊಂದು ನಟ್ಟು ಕಾರು ಮನೆಗೆ ಬಂದ ದಿನದಿಂದ ಐತೆ!"

ಭಾವ ಹೊರಗೆ ಬಂದರು. ಮುಖದಲ್ಲಿ ಕಣ್ಣು, ಹಲ್ಲು ಎರಡೇ ಬೆಳ್ಳಗಿದ್ದವು. "ಲೇ, ಆತು. ಎಲ್ಲಾ ಆತು. ಸೋಮವಾರ ಜಗಳೂರು. ನೂಕಂಗಿಲ್ಲ, ಎಳಿಯಂಗಿಲ್ಲ. ನಿಮ್ಮವ್ವನ ಬಾಗಿಲಾಗೆ ನಿಂತು ಹಾರ್ನ್ ಹೊಡಿತೀನಿ ನೋಡು."

"ಈ ಮಾತು ಜಗಳೂರಿನ ಎತ್ತಿಗೂ ಬಾಯಿಪಾಠ ಆಗೈತೆ," ಎಂದಳು ಅಕ್ಕ. ಹಾಗೆಂದರೂ ಒಳಗೆ ಹೋಗಿ ಸೋಮವಾರಕ್ಕೆಂದು ಸೀರೆ ತೆಗೆದಿಟ್ಟಳು.

ಭಾನುವಾರ ಬೆಳಿಗ್ಗೆ ಭಾವ ಏಳಲಿಲ್ಲ. ಮಲಗಿದಲ್ಲೇ ಹೋಗಿಬಿಟ್ಟಿದ್ದರು. ಅವರು ಕುಡಿಯಲು ಮರೆತ ಕಾಫಿ ಕಾರಿನ ಮಡ್‌ಗಾರ್ಡಿನ ಮೇಲೆ ಹಾಗೆಯೇ ಇತ್ತು.

ಅಳುವ ಸಂಗತಿ ಇಷ್ಟೇ. ಅದನ್ನು ಮೊದಲೇ ಹೇಳಿ ಮುಗಿಸಿದೆ. ಯಾಕೆಂದರೆ ಭಾವನ ವಿಷಯ ಹೇಳಲು ಕೂತು ಕೊನೆತನಕ ಅಳುತ್ತಲೇ ಇರುವವರನ್ನು ನಾನು ಈ ಕಡೆಯ ತಾಲ್ಲೂಕುಗಳಲ್ಲಿ ಎಲ್ಲೂ ಕಂಡಿಲ್ಲ. ಅವರ ಹೆಣದ ಮುಂದೆ ಕೂತವರೂ ನಡುವೆ ಒಮ್ಮೆ ನಕ್ಕರು!

ಆ ಕಾರು ಬಂದದ್ದೇ ಒಂದು ಕಥೆ. ಸೋಡಾ ಮೆಷಿನ್ನಿಗೆ ರಬ್ಬರಿನ ವಾಷರ್ ತರುತ್ತೇನೆಂದು ಭಾವ ಶಿವಮೊಗ್ಗಕ್ಕೆ ಹೋಗಿದ್ದರು. ಸಂಜೆ ಬಸ್ಸಿನಲ್ಲಿ ಬರಬೇಕಾದವರು ಮರುದಿನ ಮಧ್ಯಾಹ್ನ ಬಾಳೆಎಲೆ ಬಣ್ಣದ ಒಂದು ಕಾರಿನಲ್ಲಿ ಕೂತು ಬಂದರು. ಯಾರೋ ಕಾಫಿ ತೋಟದ ದೊರೆ ಊರು ಬಿಟ್ಟು ಹೋಗುವಾಗ ಮಾರಿದ್ದಂತೆ. ಪಂದ್ಯದಲ್ಲಿ ಓಡುವ ಜಾತಿಯ ಕಾರು. ಮೂಗು ಉದ್ದ, ಹೊಟ್ಟೆ ನೆಲಕ್ಕೆ ಹತ್ತಿರ. ಮುಂದೆ ಎರಡೇ ಸೀಟು. ಹಿಂದೆ ಒಂದು ಮುಚ್ಚಳ, ಅದನ್ನು ಎತ್ತಿದರೆ ಒಬ್ಬ ಮುದುಡಿಕೊಂಡು ಕೂರಬಹುದಾದ ಡಿಕ್ಕಿ ಸೀಟು. ಆ ಸೀಟು ನನ್ನದಾಯಿತು. ಇಳಿದು ನೂಕುವುದಕ್ಕೆ ಅದೇ ಹತ್ತಿರ ಎಂದು ಭಾವ ವಿವರಿಸಿದರು.

ಅಕ್ಕ ಸೊಂಟಕ್ಕೆ ಕೈಯಿಟ್ಟು ವಿಚಾರಣೆ ಶುರು ಮಾಡಿದಳು.

"ವಾಷರ್ ಎಲ್ಲಿ?"

"ಮರೆತೆ."

"ಇದರ ಬಾನೆಟ್ ತೆಗೆದು ನೋಡಿದ್ರಾ?"

"ಇಲ್ಲ."

"ಓಡಿಸಿ ನೋಡಿದ್ರಾ?"

"ಇಲ್ಲ."

"ಮತ್ತೆ ಏನು ನೋಡಿ ತಗೊಂಡ್ರಿ?"

"ನೋಡಲ್ಲಿ! ನಿಂತಿದ್ರೂ ಓಡಿದಂಗೆ ಕಾಣ್ತತೆ!"

ಭಾವ ಹೇಳಿದ್ದು ಸುಳ್ಳಾಗಿರಲಿಲ್ಲ. ಅದನ್ನು ನಿಂತ ಸ್ಥಿತಿಯಲ್ಲಿ ನೋಡಲು ಮುಂದೆ ನಮಗೆ ಬೇಕಾದಷ್ಟು ಅವಕಾಶ ಸಿಕ್ಕಿತು.

ಅವತ್ತೇ ಭಾವ ಅಕ್ಕನಿಗೆ ಮಾತು ಕೊಟ್ಟದ್ದು. ಜಗಳೂರಿನ ನಮ್ಮ ಅವ್ವನ ಮನೆಯ ಬಾಗಿಲಿಗೆ, ಯಾರೂ ನೂಕದೆ, ಯಾರೂ ಎಳೆಯದೆ, ಹಾರ್ನ್ ಹೊಡೆಯುತ್ತ ಅವಳನ್ನು ಕರೆದುಕೊಂಡು ಹೋಗಿ ಇಳಿಸುವುದು. ದೊಡ್ಡ ಮಾತೇನಲ್ಲ, ಅಲ್ಲವೇ? ಆ ಕಡೆಯ ರಸ್ತೆ ಬಯಲು ರಸ್ತೆ, ಅಡ್ಡಿ ಆತಂಕವಿಲ್ಲ. ಆದರೆ ಆ ಮಾತು ಅಕ್ಕನ ಮನಸ್ಸಿನಲ್ಲಿ ಹೇಗೆ ಬೇರು ಬಿಟ್ಟಿತೆಂದರೆ, ಭಾವ ಮರೆತರೂ ಅವಳು ಬಿಡಲಿಲ್ಲ. ಭಾವ ಮರೆಯಲೂ ಇಲ್ಲ.

ಪ್ರತಿ ವರ್ಷ ಪಂಚಮಿಗೆ ನಾವು ಹೊರಡುತ್ತಿದ್ದೆವು. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಕ್ಕ ಮುಂದೆ, ನಾನು ಡಿಕ್ಕಿಯಲ್ಲಿ, ನನ್ನ ತೊಡೆಯ ಮೇಲೆ ಉಂಡೆಯ ಡಬ್ಬಿ. ದಾವಣಗೆರೆ ದಾಟಿದ ಮೇಲೆ ಕಾರು ನಿಜವಾಗಿ ಹಾರುತ್ತಿತ್ತು, ಆಣೆ ಮಾಡಿ ಹೇಳುತ್ತೇನೆ! ಗಾಳಿಗೆ ನನ್ನ ಟೊಪ್ಪಿಗೆ ಎರಡು ವರ್ಷ ಹೋಯಿತು. ಆದರೆ ಜಗಳೂರು ಇನ್ನೇನು ಕಾಣಿಸಬೇಕು ಎನ್ನುವಾಗ ದಾರಿಯ ಪಕ್ಕದಲ್ಲಿ ಒಂದು ಹುಣಸೆಮರವಿದೆ. ಆ ಮರದಲ್ಲಿ ಏನಿತ್ತೋ ದೇವರಿಗೇ ಗೊತ್ತು. ಅಲ್ಲಿ ಬಂದ ಕೂಡಲೇ ಕಾರು ಒಂದು ನಿಟ್ಟುಸಿರು ಬಿಟ್ಟು ನಿಲ್ಲುತ್ತಿತ್ತು. ಒಂದು ವರ್ಷ ನೀರು ಕುದಿಯಿತು, ಒಂದು ವರ್ಷ ಪೆಟ್ರೋಲ್ ಪೈಪಿಗೆ ಕಸ ಹತ್ತಿತು, ಒಂದು ವರ್ಷ ಕಾರಣವೇ ಇರಲಿಲ್ಲ. ಬರೀ ರೂಢಿ.

ಮರದ ಪಕ್ಕದ ಹೊಲ ಜಗಳೂರಿನ ಕಡಲೆಕಾಯಿ ಮಂಡಿಯ ಸಾಹೇಬರದು. ಬಿಳಿ ಗಡ್ಡದ ಹಿರಿಯರು, ನಮ್ಮ ಅಪ್ಪ ಇದ್ದ ಕಾಲದಿಂದ ಪರಿಚಯ. ಮೊದಲ ಸಲ ಅವರು ಅಯ್ಯೋ ಪಾಪ ಎಂದು ಹೊಲದ ಎತ್ತು ಬಿಚ್ಚಿ ಕಾರಿಗೆ ಕಟ್ಟಿಸಿದರು. ಎರಡನೆಯ ಸಲ ನಗುತ್ತ ಕಟ್ಟಿಸಿದರು. ಮೂರನೆಯ ಸಲಕ್ಕೆ ಅವರ ಆಳು ಪಂಚಮಿಯ ದಿನ ಹಗ್ಗ ಸಮೇತ ಎತ್ತು ತಂದು ಮರದ ಕೆಳಗೆ ಮೊದಲೇ ಕಾಯುತ್ತಿದ್ದ.

"ಏನ್ ಅಳಿಯಂದ್ರೇ," ಸಾಹೇಬರು ಊರ ಅಳಿಯನನ್ನು ಹಾಗೆಯೇ ಕರೆಯುತ್ತಿದ್ದರು, "ಈ ವರ್ಷ ತಡ ಮಾಡಿದ್ರಿ? ಎತ್ತು ಆಗಲಿಂದ ದಾರಿ ನೋಡಾಕೆ ಹತ್ತ್ಯಾವೆ."

"ಅರ್ಜೆಂಟಿಲ್ಲ ಸಾಹೇಬ್ರೇ, ಈಗ ಸ್ಟಾರ್ಟ್ ಆಗ್ತತೆ."

"ಆಗಲಿ ಆಗಲಿ. ಅಲ್ಲೀತಂಕ ಕಟ್ಟಿರೋಣ. ನಮ್ಮ ಎತ್ತು ಇಷ್ಟು ಸಲ ಎಳೆದಾವೆ, ಅರ್ಧ ಕಾರು ಆಗಲೇ ನಮ್ಮದು, ತಿಳೀತಾ?"

ಎತ್ತು ಎಳೆಯುವಾಗಲೂ ಭಾವ ಸೀಟಿನಿಂದ ಇಳಿಯುತ್ತಿರಲಿಲ್ಲ. ಎಳೆಯುವುದು ಎತ್ತಾದರೂ ಸ್ಟೇರಿಂಗು ನನ್ನದು ಎನ್ನುತ್ತಿದ್ದರು. ಅಕ್ಕನೂ ಇಳಿಯುತ್ತಿರಲಿಲ್ಲ. ಸೆರಗು ಸರಿ ಮಾಡಿಕೊಂಡು, ಅಂಬಾರಿಯಲ್ಲಿ ಕೂತವಳಂತೆ ನೆಟ್ಟಗೆ ಕೂತು ಊರೊಳಗೆ ಬರುತ್ತಿದ್ದಳು. ಓಣಿಯ ಹೆಂಗಸರು ಬಿಡುತ್ತಾರೆಯೇ?

"ಏನೇ, ನಿನ್ನ ಗಂಡನ ಕಾರು ದಾರಿ ತುಂಬ ಸಗಣಿ ಹಾಕ್ಕೊಂಡು ಬಂದೈತಲ್ಲೇ!"

"ಬಳಕೊಂಡು ಹೋಗಿ ಕುಳ್ಳು ತಟ್ಟಿಕೊಳ್ರೇ," ಅಕ್ಕನ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು. "ನಿಮ್ಮ ಗಂಡಂದಿರ ಸೈಕಲ್ಲು ಅದನ್ನೂ ಹಾಕಾಕಿಲ್ಲ."

ಆದರೆ ಒಳಗೆ ಹೋಗಿ ಕೈಕಾಲು ತೊಳೆಯುವಾಗ ಅವ್ವನ ಹತ್ತಿರ ಮೆಲ್ಲಗೆ ಹೇಳುತ್ತಿದ್ದಳು: "ಒಂದು ಸಲ ಅವ್ವಾ. ಒಂದೇ ಒಂದು ಸಲ ತಾನಾಗೇ ಓಡಿ ಬರಲಿ. ಅವರ ಮುಖ ಹೆಂಗೆ ಇರ್ತತೆ ನೋಡಬೇಕು ನಂಗೆ."

ಓಣಿಯವರ ಮುಖ ಎಂದು ನಾನು ಆಗ ತಿಳಿದಿದ್ದೆ.

ವರ್ಷದ ಉಳಿದ ದಿನಗಳಲ್ಲಿ ಕಾರು ಸೋಡಾ ಹೊತ್ತು ಹೊನ್ನಾಳಿ, ನ್ಯಾಮತಿ ಸುತ್ತುತ್ತಿತ್ತು. ಎತ್ತಿನ ಗಾಡಿಯಲ್ಲಿ ಒಂದು ದಿನ ಹಿಡಿಯುವ ಸರಬರಾಜು ಈ ಕಾರಿನಲ್ಲಿ ಊಟದ ಹೊತ್ತಿಗೆ ಮುಗಿಯುತ್ತದೆ ಎಂಬುದು ಭಾವನ ಲೆಕ್ಕಾಚಾರ. ಲೆಕ್ಕಾಚಾರ ಸರಿಯಾಗಿಯೇ ಇತ್ತು, ಆದರೆ ಗೋಲಿ ಸೋಡಾದ ಸ್ವಭಾವವನ್ನು ಅದರಲ್ಲಿ ಸೇರಿಸಿರಲಿಲ್ಲ. ಬಿಸಿಲು, ಕುಲುಕಾಟ ಎರಡೂ ಸೇರಿ ಗೋವಿನಕೋವಿಯ ಹತ್ತಿರ ಬಾಟಲಿಗಳು ಒಂದೊಂದಾಗಿ ಸಿಡಿಯತೊಡಗಿದವು. ಹೊಲದಲ್ಲಿದ್ದವರು ಗುಂಡು ಹಾರಿತೆಂದು ಬದುವಿನ ಹಿಂದೆ ಮಲಗಿಕೊಂಡರು! ಡಿಕ್ಕಿಯಲ್ಲಿ ಬಾಟಲಿಗಳ ನಡುವೆ ಕೂತಿದ್ದ ನಾನು ಎಲ್ಲಿ ಮಲಗಲಿ? ನ್ಯಾಮತಿ ಮುಟ್ಟಿದಾಗ ನನ್ನ ಮೈಯೆಲ್ಲ ಸಿಹಿ ಸೋಡಾ, ಹಿಂದೆ ನೊಣಗಳ ಮೆರವಣಿಗೆ. ಅಂಗಡಿಯವನು ಉಳಿದ ಬಾಟಲಿ ನೋಡಿ, "ಸೋಡಾ ಎಲ್ರೀ?" ಎಂದ. ಭಾವ ನನ್ನನ್ನು ತೋರಿಸಿದರು.

ಇನ್ನೊಂದು ಸಲ ಸಾಸ್ವೆಹಳ್ಳಿಯ ಹತ್ತಿರ ರೇಡಿಯೇಟರ್ ಸೋರತೊಡಗಿತು. ಅದರ ತೂತಿಗೆ ಹಿಟ್ಟು ಹಾಕಿದರೆ ಮೆತ್ತಿಕೊಂಡು ಸೋರುವುದು ನಿಲ್ಲುತ್ತದೆ ಎಂದು ಭಾವ ಯಾರ ಬಾಯಿಂದಲೋ ಕೇಳಿದ್ದರು. ಕಾರು ನಿಲ್ಲಿಸಿ ಹತ್ತಿರದ ಮನೆಗೆ ಹೋಗಿ ರಾಗಿಹಿಟ್ಟು ಕೇಳಿದರು.

"ಅಂಬಲಿ ಕಾಯಿಸಾಕಾ ಮಗಾ?" ಎಂದಳು ಮನೆಯ ಅಜ್ಜಿ.

"ಇಲ್ಲಜ್ಜಿ, ಕಾರಿಗೆ."

"ಯಾಕೆ, ಹೆರಿಗೆ ಆಗೈತಾ ಅದಕ್ಕೆ?"

ಒಂದು ಹಿಡಿ ಸಾಕಾಗಿತ್ತು. ಭಾವ ಒಂದು ಸೇರು ಹಾಕಿದರು. ಮುಂದೆ ಸಂಜೆ ಹೊತ್ತಿನಲ್ಲಿ ಮನೆಗೆ ತಿರುಗಿದ ದನದ ಹಿಂಡು ರಸ್ತೆ ತುಂಬ ಬಂತು. ವೇಗದ ಕಾರಿನ ದೊಡ್ಡ ರೋಗವೇ ಅದು. ಓಡಿದರೆ ತಣ್ಣಗಿರುತ್ತದೆ, ನಿಧಾನ ಮಾಡಿದರೆ ಕುದಿಯುತ್ತದೆ. ಹೊನ್ನಾಳಿಯ ಹೊತ್ತಿಗೆ ರೇಡಿಯೇಟರಿನ ಮುಚ್ಚಳ ಹಾರಿ, ಬಿಸಿಬಿಸಿ ಅಂಬಲಿ ಉಕ್ಕಿ ಬಾನೆಟ್ಟಿನ ಮೇಲೆಲ್ಲ ಹರಿಯಿತು. ಜನ ಸೇರಿದರು. ಭಾವನಿಗೆ ನಾಚಿಕೆ ಎಂಬುದು ಇದ್ದಿದ್ದರೆ ಅವತ್ತು ಕಾಣಿಸಬೇಕಿತ್ತು. ಅವರು ಬೆರಳಿನಿಂದ ಸ್ವಲ್ಪ ತೆಗೆದು ನಾಲಿಗೆಗೆ ಹಚ್ಚಿಕೊಂಡು ಹೇಳಿದರು: "ಉಪ್ಪು ಒಂದು ಕಡಿಮೆ ಐತೆ."

ಮನೆಗೆ ಬಂದು ಹೇಳಿದಾಗ ಅಕ್ಕ ನಗಲಿಲ್ಲ. "ರಾಗಿ ಹಾಕಿದ್ದೇ ತಪ್ಪು," ಎಂದಳು. "ಜೋಳದ ಹಿಟ್ಟು ಹಾಕಿದ್ರೆ ಜಗಳೂರಿಗೆ ಹೋಗ್ತಿತ್ತೇನೋ."

ಇಷ್ಟೆಲ್ಲ ಆದ ಮೇಲೆ ಭಾವನಿಗೆ ಒಂದು ವಿಚಿತ್ರ ಗೌರವ ಸಿಕ್ಕಿತು. ಯಾರಾದರೂ ಹಳೆಯ ಕಾರು ಕೊಳ್ಳುವುದಿದ್ದರೆ ಮೊದಲು ಇವರನ್ನು ಕರೆಯತೊಡಗಿದರು! ಕಾರಿಗೆ ಬರಬಹುದಾದ ರೋಗಗಳೆಲ್ಲ ಇವರ ಮನೆಯಲ್ಲೇ ಇರುವಾಗ ಬೇರೆ ವೈದ್ಯರು ಯಾಕೆ? ನ್ಯಾಮತಿಯ ಒಬ್ಬ ಸಾಹುಕಾರರು ಮಗನಿಗಾಗಿ ಇಂಥದೇ ಒಂದು ಓಟದ ಕಾರು ಕೊಳ್ಳಲು ಹೊರಟು, ಭಾವನನ್ನು ಕರೆಸಿದರು. ನಾನೂ ಹೋಗಿದ್ದೆ. ಕಾರು ತಂದಿದ್ದ ದಲ್ಲಾಳಿ ಕೋಟು ಹಾಕಿಕೊಂಡು ಮುಂದೆ ನಿಂತು ಕೈ ಮುಗಿದ. ಭಾವ ಅವನಿಗೆ ಕೈ ಮುಗಿಯಲಿಲ್ಲ. ನೇರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಬಿಸಿ ಐತಲ್ರೀ?"

"ಬಿಸಿಲಾಗೆ ನಿಂತೈತಲ್ರೀ ಸ್ವಾಮೇರಾ."

"ನೀವೂ ಬಿಸಿಲಾಗೇ ನಿಂತೀರಿ. ನೀವು ಇಷ್ಟು ಬಿಸಿ ಇಲ್ಲ."

ಕೊಳ್ಳುವವನು ಬರುವ ಮೊದಲೇ ಮಾರುವವನು ಇಂಜಿನ್ ಕಾಯಿಸಿ ಇಟ್ಟಿದ್ದಾನೆಂದರೆ ತಣ್ಣಗಿದ್ದಾಗ ಅದು ಏಳುವುದಿಲ್ಲ ಎಂದು ಅರ್ಥ. ಅದಕ್ಕೇ ನಮಸ್ಕಾರ ಮಾಡುವ ಮುಂಚೆ ಬಾನೆಟ್ ಮುಟ್ಟಬೇಕು ಎಂಬುದು ಭಾವನ ಮೊದಲ ಪಾಠ. ಆಮೇಲೆ ಅವರು ಕಾರು ಎಲ್ಲಿ ನಿಂತಿದೆ ನೋಡಿದರು. ಇಳಿಜಾರಿನಲ್ಲಿ ನಿಂತಿತ್ತು. "ಸಮ ಜಾಗ ಇಷ್ಟು ಇದ್ದಾಗ ಇಳಿಜಾರು ಯಾಕೆ ಹುಡುಕಿದ್ರಿ?" ಎಂದು ಕೇಳಿದರು. ದಲ್ಲಾಳಿ ಟೊಪ್ಪಿಗೆ ಸರಿ ಮಾಡಿಕೊಂಡ. ಗೇರಿನ ಪೆಟ್ಟಿಗೆಯ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರು. ಸವೆದ ಹಲ್ಲುಗಳ ಸದ್ದು ಅಡಗಿಸಲು ಅದರೊಳಗೆ ಮರದ ಹೊಟ್ಟು ತುಂಬಿದ್ದರು. "ಇದು ಗೇರಲ್ಲ, ಗರಗಸದ ಮಿಲ್ಲು," ಎಂದರು. ಸೀಟು ಎತ್ತಿದರು. ಕೆಳಗೆ ದಪ್ಪ ಹಗ್ಗ ಸುತ್ತಿಟ್ಟಿತ್ತು.

"ಈ ಹಗ್ಗ ಯಾಕ್ರೀ?"

"ಸಾಮಾನು ಕಟ್ಟಾಕೆ."

"ನಮ್ಮ ಕಾರಿನಾಗೂ ಐತೆ. ನಾವೂ ಹಂಗೇ ಹೇಳ್ತೀವಿ."

ಕೊನೆಗೆ ಹಿಂದೆ ಹೋದರು. ಎಲ್ಲರೂ ಕಾರಿನ ಮುಂದೆ ನಿಂತು ದೀಪ, ಮೂಗು, ಹೊಳಪು ನೋಡುತ್ತಾರೆ. ಬುದ್ಧಿವಂತ ಹಿಂದೆ ಹೋಗಿ ನೋಡಬೇಕು. ನೂಕುವವರ ಅಂಗೈ ಬೀಳುವ ಜಾಗದಲ್ಲಿ ಬಣ್ಣ ಸವೆದಿರುತ್ತದೆ. ಮಾರುವವನು ಎಷ್ಟೇ ಸುಳ್ಳು ಹೇಳಲಿ, ಆ ಜಾಗ ಸುಳ್ಳು ಹೇಳುವುದಿಲ್ಲ. ಭಾವ ಸಾಹುಕಾರರನ್ನು ಕರೆದು ಅಲ್ಲಿ ಬೆರಳಿಟ್ಟು ತೋರಿಸಿದರು. ಹೊಸದಾಗಿ ಬಣ್ಣ ಬಳಿದಿದ್ದರು, ಆದರೆ ಎರಡು ಅಂಗೈಯಗಲ ಮಾತ್ರ. ಮಾತು ಅಲ್ಲಿಗೇ ಮುಗಿಯಿತು.

ಸಾಹುಕಾರರು ಖುಷಿಯಾಗಿ ಊಟ ಹಾಕಿಸಿ, ನಮ್ಮನ್ನು ಕಳಿಸಲು ಬೀದಿಗೆ ಬಂದರು. ನಮ್ಮ ಕಾರು ಇಳಿಜಾರಿನಲ್ಲಿ ನಿಂತಿತ್ತು. ನಾನು ಎಂದಿನಂತೆ ಹಿಂದೆ ಹೋಗಿ ನನ್ನ ಎರಡು ಅಂಗೈಗಳನ್ನು ಅವುಗಳ ಜಾಗದಲ್ಲಿ ಇಟ್ಟೆ. ಸಾಹುಕಾರರು ಬಗ್ಗಿ ನೋಡಿದರು. ಅಲ್ಲಿ ಬಾಳೆಎಲೆಯ ಬಣ್ಣ ಪೂರ್ತಿ ಹೋಗಿ ತಗಡು ತಟ್ಟೆಯಂತೆ ಹೊಳೆಯುತ್ತಿತ್ತು.

"ಎಲಾ ಇವನ! ಇಷ್ಟೆಲ್ಲ ಗೊತ್ತಿದ್ದು ಇದನ್ಯಾಕ್ರೀ ಇಟ್ಕೊಂಡೀರಿ?"

ಭಾವ ಸ್ಟೇರಿಂಗಿನ ಹಿಂದಿನಿಂದ ಹೇಳಿದರು: "ಇದನ್ನ ತಗೊಂಡ ಮ್ಯಾಲೇ ಅಲ್ವೇನ್ರೀ ಗೊತ್ತಾಗಿದ್ದು?"

ಅವತ್ತು ಸೂರಗೊಂಡನಕೊಪ್ಪದ ಜಾತ್ರೆಗೆ ನಡೆದು ಹೋಗುತ್ತಿದ್ದ ಒಂದು ಗುಂಪು ನಮ್ಮ ನೆರವಿಗೆ ಬಂತು. ಹಾಡು ಹೇಳುತ್ತ ಹುರುಪಿನಿಂದ ಬಹಳ ದೂರ ನೂಕಿದರು. ಕೊನೆಗೆ ಅವರಲ್ಲಿ ಒಬ್ಬ ಹಿರಿಯ, "ನೀವೂ ಇಳಿದು ನಮ್ಮ ಜೊತೆ ನಡೆದುಬಿಡ್ರಿ ಅಣ್ಣಾ, ಬೇಗ ಮುಟ್ತೀರಿ," ಎಂದು ಪ್ರೀತಿಯಿಂದ ಸಲಹೆ ಕೊಟ್ಟ.

ಯುದ್ಧ ಬಂತು. ಪೆಟ್ರೋಲಿಗೆ ಕೂಪನ್ ಬಂತು. ಬಸ್ಸುಗಳಿಗೆಲ್ಲ ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಗ್ಯಾಸು ಮಾಡುವ ಡ್ರಮ್ ಕಟ್ಟತೊಡಗಿದರು. ಬಸ್ಸಿಗೆ ಕಟ್ಟುವುದಾದರೆ ನನ್ನ ಕಾರಿಗೆ ಏಕೆ ಕಟ್ಟಬಾರದು ಎಂದು ಭಾವನಿಗೆ ಅನ್ನಿಸಿತು. ಈ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಸಿಗದೆ ಕಟ್ಟಿಸಿಯೇ ಬಿಟ್ಟರು. ಆಳೆತ್ತರದ ಒಲೆ ಹಿಂದೆ ಕೂತಿತು. ಅದರ ಭಾರಕ್ಕೆ ಕಾರಿನ ಬೆನ್ನು ಕುಸಿದು, ಮೂಗು ಆಕಾಶ ನೋಡಿತು. ಡಿಕ್ಕಿ ಸೀಟು ಹೋದದ್ದರಿಂದ ನನ್ನನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿ ಕೈಗೆ ಬೀಸಣಿಗೆ ಕೊಟ್ಟರು. ನಾನು ಗಾಳಿ ಹಾಕಿಕೊಳ್ಳುವುದಕ್ಕಲ್ಲ, ಒಲೆಯ ಬೆಂಕಿಗೆ ಬೀಸುವುದಕ್ಕೆ! ಆ ವರ್ಷದ ಪಂಚಮಿಗೆ ಹೊರಟಾಗ ಒಬ್ಬ ಕುರಿ ಕಾಯುವವನು ನಮ್ಮ ಪಕ್ಕದಲ್ಲಿ ಮಾತಾಡುತ್ತ ನಡೆದು ಬಂದ. ಸ್ವಲ್ಪ ಹೊತ್ತಿನ ನಂತರ ಕೆಲಸವಿದೆ ಎಂದು ಹೇಳಿ ಮುಂದೆ ಹೋದ. ಅಕ್ಕನ ಹಬ್ಬದ ಸೀರೆ, ಉಂಡೆ, ನನ್ನ ಹುಬ್ಬು ಎಲ್ಲ ಮಸಿ. ಆದರೂ ಹುಣಸೆಮರ ಬರುತ್ತಿದ್ದಂತೆ ಅಕ್ಕ ಸೀಟಿನ ತುದಿಗೆ ಬಂದು ಕೂತು, "ಹೋಗ್ತತೆ ಕಣ್ರೀ, ಈ ಸಲ ಹೋಗ್ತತೆ," ಎನ್ನುತ್ತಿದ್ದಳು. ಮರದ ಕೆಳಗೆ ಇದ್ದಿಲು ಮುಗಿಯಿತು. ಎತ್ತು ತಾವಾಗಿಯೇ ಎದ್ದು ನಿಂತವು.

ಎತ್ತು ಎಳೆಯುವಾಗಲೂ ಹಾರ್ನ್ ಹೊಡೆಯುತ್ತಿದ್ದ ಭಾವ ಅವತ್ತು ಮೊದಲ ಸಲ ಹೊಡೆಯಲಿಲ್ಲ. ಅಕ್ಕ ಅವರ ಹೆಗಲ ಮೇಲಿನ ಮಸಿ ಕೊಡವಿ, "ಇರಲಿ ಬಿಡ್ರಿ, ಬರೋ ವರ್ಷ ಐತಲ್ಲ," ಎಂದಳು. ಭಾವ ಕೂಡಲೇ ಹಾರ್ನ್ ಹೊಡೆದರು.

ಯುದ್ಧ ಮುಗಿದು ಪೆಟ್ರೋಲಿನ ಬಿಗಿ ಸಡಿಲವಾದ ಮೇಲೆ ಡ್ರಮ್ ಇಳಿಸಿದರು. ಆಮೇಲೆ ಭಾವ ಕಾರಿನ ಕೆಳಗೆ ಮಲಗಿದವರು ಏಳಲೇ ಇಲ್ಲ ಎನ್ನಬೇಕು. ಒಂದೊಂದೇ ತಿರುಪು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಅಕ್ಕನ ಹಪ್ಪಳದ ಬಟ್ಟೆಯ ಮೇಲೆ ಹರಡಿ ಒಣಗಿಸುತ್ತಿದ್ದರು. ಈ ಜಾತಿಯ ಕಾರಿಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಎರಡು. ಅವಳಿ ಮಕ್ಕಳಿದ್ದ ಹಾಗೆ, ಒಂದು ಕುಡಿಯುವಾಗ ಇನ್ನೊಂದು ಅಳುತ್ತದೆ. ಸೋಡಾ ಮೆಷಿನ್ನಿನ ರಬ್ಬರ್ ನಳಿಕೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಅವುಗಳ ಬಾಯಿಗೆ ಹಿಡಿದು, ಎರಡರ ಉಸಿರೂ ಒಂದೇ ಸಮ ಆಗುವ ತನಕ ಕೇಳುತ್ತ ಕೂರುತ್ತಿದ್ದರು. ಆ ದಿನಗಳಲ್ಲಿ ಅಂಗಡಿಯಲ್ಲಿ ಸೋಡಾ ಸಪ್ಪೆಯಾಗಿತ್ತು. ನಳಿಕೆ ಇಲ್ಲಿದ್ದರೆ ಗ್ಯಾಸು ಎಲ್ಲಿಂದ ಹೋಗಬೇಕು? ಗಿರಾಕಿಗಳು ಬೈದರು. ಅಕ್ಕ ಬೈಯಲಿಲ್ಲ. ಹಾಗೆ ಬಂದದ್ದು ಆ ಶನಿವಾರ.

ಭಾವನ ಕರ್ಮಗಳೆಲ್ಲ ಮುಗಿದ ಮೇಲೆ ಅಕ್ಕನನ್ನು ಕೆಲವು ದಿನ ತವರಿಗೆ ಕರೆದುಕೊಂಡು ಹೋಗುವುದು ಪದ್ಧತಿ. ನಾಳೆ ಬಸ್ಸಿನಲ್ಲಿ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಜಗಳೂರಿನ ಸಾಹೇಬರು ಮಾತಾಡಿಸಲು ಬಂದರು. ಅಂಗಳದಲ್ಲಿ ನಾನು ಎದ್ದು ನಿಂತು ಕೈ ಮುಗಿದೆ. ಅವರು ನನ್ನನ್ನು ದಾಟಿ ನೇರ ಕಾರಿನ ಹತ್ತಿರ ಹೋಗಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ತಣ್ಣಗೈತಪ್ಪಾ," ಎಂದರು.

"ಅವತ್ತಿನಿಂದ ಮುಟ್ಟಿಲ್ಲ ಸಾಹೇಬ್ರೇ."

ಕೂತು ಮಜ್ಜಿಗೆ ಕುಡಿದು ಅವರು ಲೋಟ ಕೆಳಗಿಟ್ಟರು. "ಇದನ್ನ ಕೊಡ್ತೀರೇನು? ಮೊಮ್ಮಗನ ಮದುವೆ ಐತೆ. ಮೆರವಣಿಗೆ ಮಾಡಬೇಕು. ಮೆರವಣಿಗೆ ನಿಧಾನ ಹೋಗ್ತತೆ, ಇದಕ್ಕೆ ಒಗ್ಗತೈತೆ."

ನಾನು ಅಕ್ಕನ ಮುಖ ನೋಡಿದೆ. ಭಾವ ಇದ್ದಿದ್ದರೆ ಏನು ಹೇಳುತ್ತಿದ್ದರೋ ಅದನ್ನೇ ನಾನು ಹೇಳತೊಡಗಿದೆ. ಹೊಟ್ಟೆ ತಗ್ಗು, ಗಾಡಿಜಾಡಿನ ನಡುವಿನ ದಿಬ್ಬ ತಗುಲಿ ಎಣ್ಣೆ ತೊಟ್ಟಿ ಒಡೆಯುತ್ತದೆ. ಬ್ರೇಕು ಹಾಕಿದರೆ ಎಡಕ್ಕೆ ಎಳೆಯುತ್ತದೆ. ಚಕ್ರದ ಕಡ್ಡಿಗಳನ್ನು ತಿಂಗಳಿಗೊಮ್ಮೆ ಸೈಕಲ್ ಅಂಗಡಿಯವನ ಹತ್ತಿರ ಬಿಗಿ ಮಾಡಿಸಬೇಕು. ನೀಲಿ ಹೊಗೆ ಬಂದರೆ ಎಣ್ಣೆ ಕುಡಿಯುತ್ತಿದೆ, ಕಪ್ಪು ಬಂದರೆ ಪೆಟ್ರೋಲ್ ಕುಡಿಯುತ್ತಿದೆ, ಬಿಳಿ ಬಂದರೆ ಇಳಿದು ನಡೆಯಬೇಕು. ಸೀಟಿನ ಕೆಳಗೆ ಹಗ್ಗ ಇದೆ. ಕೊನೆಗೆ ಅವರನ್ನು ಕರೆದುಕೊಂಡು ಹೋಗಿ ಬೆನ್ನನ್ನೂ ತೋರಿಸಿದೆ.

ಸಾಹೇಬರು ಎಲ್ಲ ಕೇಳಿ, "ನಿನಗೆ ವ್ಯಾಪಾರ ಬರಾಕಿಲ್ಲ ಅಂತ ನಿಮ್ಮ ಭಾವ ಹೇಳ್ತಿದ್ರು," ಎಂದರು. "ನಿಜಾನೇ."

ಆಗ ಅಕ್ಕ ಮಾತಾಡಿದಳು. "ಕೊಡ್ತೀವಿ ಸಾಹೇಬ್ರೇ. ಆದ್ರೆ ಜಗಳೂರಿಗೆ ನಾನು ಅದರಾಗೇ ಬರ್ತೀನಿ."

"ಬಾ ಮಗಳೇ. ನಾಳೆ ಬೆಳಿಗ್ಗೆ ನಾನೇ ಓಡಿಸ್ತೀನಿ. ನಮ್ಮ ಲಾರಿ ಓಡಿಸಿದ ಕೈ ಇದು. ಮರದ ತಂಕ ಹೋದ್ರೆ ಸಾಕು, ಮುಂದಕ್ಕೆ ನಮ್ಮ ಎತ್ತು ಅದಾವಲ್ಲ."

ಮರುದಿನ ಬೆಳಿಗ್ಗೆ ಸಾಹೇಬರು ಸ್ಟೇರಿಂಗಿನ ಹಿಂದೆ ಕೂತರು. ಪಕ್ಕದ ಮನೆಯವನು ಮುಂದೆ ನಿಂತು ಇಂಜಿನ್ ತಿರುಗಿಸುವ ಹ್ಯಾಂಡಲ್ ಹಿಡಿದ. ನಾನು ಹಿಂದೆ ಹೋಗಿ ಅಂಗೈ ಇಟ್ಟೆ. ನೋಡಿದರೆ ಅಕ್ಕನೂ ಪಕ್ಕದಲ್ಲಿ ಬಂದು ನಿಂತು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಾಳೆ. ನಮ್ಮ ಅಂಗಳದಲ್ಲಿ ಮಾತ್ರ ಅವಳೂ ನೂಕುತ್ತಿದ್ದಳು. ನನ್ನ ಅಂಗೈಗಳ ಗುರುತಿನ ಬಲಕ್ಕೆ ಅವಳದೂ ಎರಡು ಸಣ್ಣ ಗುರುತುಗಳಿದ್ದವು. ಇಬ್ಬರೂ ಉಸಿರು ಹಿಡಿದೆವು. ಹ್ಯಾಂಡಲ್ ಒಂದೇ ಸುತ್ತು ಸುತ್ತಿತು, ಅಷ್ಟೇ. ಇಂಜಿನ್ ಎದ್ದಿತು. ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ. ಎರಡು ಕಾರ್ಬುರೇಟರುಗಳೂ ಒಂದೇ ಉಸಿರಿನಲ್ಲಿದ್ದವು. ಹ್ಯಾಂಡಲ್ ಹಿಡಿದವನು ಪಕ್ಕಕ್ಕೆ ಸರಿದ, ಕಾರು ಮುಂದಕ್ಕೆ ಹೋಯಿತು. ನಮ್ಮ ನಾಲ್ಕು ಅಂಗೈಗಳು ಗಾಳಿಯಲ್ಲಿ ಉಳಿದವು.

ಅಕ್ಕ ಮುಂದೆ ಕೂತಳು, ನಾನು ಡಿಕ್ಕಿಯಲ್ಲಿ. ದಾವಣಗೆರೆ ದಾಟಿತು. ಬಯಲು ಬಂತು. ನನ್ನ ಟೊಪ್ಪಿಗೆಯನ್ನು ಈ ಸಲ ಮೊದಲೇ ಜೇಬಿಗೆ ಸೇರಿಸಿದ್ದೆ. ಹುಣಸೆಮರ ಕಂಡಿತು. ಸಾಹೇಬರು ಹಿಂದಿನ ದಿನವೇ ಹೇಳಿ ಕಳಿಸಿದ್ದರೆಂದು ಕಾಣುತ್ತದೆ, ಆಳು ಹಗ್ಗ ಹಿಡಿದು ನಿಂತಿದ್ದ. ಎತ್ತುಗಳು ಎದ್ದು ನಿಂತವು. ಅಕ್ಕ ಸೀಟಿನ ತುದಿಗೆ ಬಂದು ಕೂತದ್ದು ಹಿಂದಿನಿಂದ ನನಗೆ ಕಾಣಿಸಿತು. ಮರ ಹತ್ತಿರ ಬಂತು, ಪಕ್ಕಕ್ಕೆ ಬಂತು, ಹಿಂದೆ ಬಿತ್ತು. ತಿರುಗಿ ನೋಡಿದೆ. ಆಳು ಹಗ್ಗ ಹಿಡಿದೇ ನಾಲ್ಕು ಹೆಜ್ಜೆ ನಮ್ಮ ಹಿಂದೆ ಓಡಿ ಬಂದು ನಿಂತ. ಎತ್ತುಗಳು ನಮ್ಮನ್ನೇ ನೋಡುತ್ತಿದ್ದವು.

ಓಣಿಯೊಳಗೆ ಬಂದೆವು. ಸಾಹೇಬರು ಹಾರ್ನಿನ ರಬ್ಬರ್ ಬುರುಡೆ ಒತ್ತಲು ಹೋದವರು ಕೈ ಹಿಂದಕ್ಕೆ ತೆಗೆದುಕೊಂಡು, "ನೀನೇ ಹೊಡಿ ಮಗಳೇ," ಎಂದರು. ಅಕ್ಕ ಎರಡು ಕೈಯಲ್ಲಿ ಹಿಡಿದು ಹೊಡೆದಳು. ಓಣಿಯ ಬಾಗಿಲುಗಳೆಲ್ಲ ತೆರೆದವು. ಹೆಂಗಸರು ಕಾರಿನ ಮುಂದೆ ನೋಡಿದರು, ಎತ್ತಿಲ್ಲ. ಹಿಂದೆ ನೋಡಿದರು, ನೂಕುವವರಿಲ್ಲ. ಅವ್ವ ಬಾಗಿಲಿಗೆ ಬಂದಳು. ಒಬ್ಬರೂ ಸಗಣಿಯ ಮಾತು ಎತ್ತಲಿಲ್ಲ.

ಅಕ್ಕ ಓಣಿಯವರ ಮುಖಗಳನ್ನು ನೋಡಲಿಲ್ಲ. ಕಾರು ನಿಂತ ಕೂಡಲೇ, ಇಷ್ಟು ವರ್ಷದ ಆಸೆಯನ್ನೆಲ್ಲ ಮುಖದಲ್ಲಿ ತುಂಬಿಕೊಂಡು, ತಟ್ಟನೆ ಬಲಕ್ಕೆ ತಿರುಗಿ, "ಬಂದ್ವಿ ನೋಡ್ರೀ!" ಎಂದಳು.

ಅಲ್ಲಿ ಸಾಹೇಬರು ಕೂತಿದ್ದರು. ಅವರು ತಲೆ ತಗ್ಗಿಸಿದರು. ಇಂಜಿನ್ ಇನ್ನೂ ಓಡುತ್ತಿತ್ತು, ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕಾರು ಜಗಳೂರಿಗೆ ತಾನಾಗಿಯೇ ಓಡಿ ಬಂದಿತ್ತು. ಭಾವ ಬಂದಿರಲಿಲ್ಲ.